ನೆಟ್ಟಿನ ಆಚೆಯಿಂದ ಈಚೆಗೆ

ಹೈದರಾಬಾದಿನ ನಡುವೆ ಇರುವ ಲಾಲ್ ಬಹಾದ್ದೂರ್ ಕ್ರೀಡಾಂಗಣವನ್ನು ಊರಿನ ಹಳಬರು ಈಗಲೂ ಫತೇ ಮೈದಾನ ಎಂದೇ ಕರೆಯುತ್ತಾರೆ. 1687ರಲ್ಲಿ ಗೋಲ್ಕೊಂಡ ಕೋಟೆಯನ್ನು ತಿಂಗಳುಗಟ್ಟಲೆ ಮುತ್ತಿದ್ದ ಔರಂಗಜೇಬನ ಸೈನ್ಯ ಬೀಡುಬಿಟ್ಟ ಬಯಲು ಇದೇ, ಗೆಲುವಿನ ನೆನಪಿಗೆ ಈ ಹೆಸರು ಬಂತು ಎಂಬುದು ಪ್ರತೀತಿ. ಆ ಕೋಟೆ ಫಿರಂಗಿಗಳ ಬಲಕ್ಕೆ ಬೀಳಲಿಲ್ಲ. ಒಳಗಿನವರು ತೆರೆದುಕೊಟ್ಟ ಒಂದು ಬಾಗಿಲಿನಿಂದ ಬಿತ್ತು. ಎದುರಾಳಿಯ ಬಲವನ್ನು ಎದುರಿಸುವುದಕ್ಕಿಂತ ಅವನ ಸಡಿಲ ಬಾಗಿಲನ್ನು ಹುಡುಕುವುದು ಲೇಸು ಎಂಬ ಪಾಠ ಯುದ್ಧದಲ್ಲಿ ಹೇಗೋ ಆಟದಲ್ಲಿಯೂ ಹಾಗೆಯೇ.

ಇದೇ ಬಯಲಿನ ಟೆನಿಸ್ ಅಂಗಣದಲ್ಲಿ 2005ರ ಫೆಬ್ರುವರಿಯಲ್ಲಿ ಹದಿನೆಂಟು ವರ್ಷದ ಸಾನಿಯಾ ಮಿರ್ಜಾ ಉಕ್ರೇನಿನ ಅಲ್ಯೋನಾ ಬೊಂಡಾರೆಂಕೊ ಅವರನ್ನು 6-4, 5-7, 6-3ರಿಂದ ಸೋಲಿಸಿ, ಡಬ್ಲ್ಯುಟಿಎ ಸಿಂಗಲ್ಸ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯ ಮಹಿಳೆಯಾದರು. 2023ರ ಮಾರ್ಚ್ 5ರಂದು ಇಲ್ಲಿಯೇ ಪ್ರದರ್ಶನ ಪಂದ್ಯಗಳನ್ನಾಡಿ ಆಟಕ್ಕೆ ವಿದಾಯ ಹೇಳಿದರು. ಈ ಎರಡು ದಿನಗಳ ನಡುವಿನ ಕತೆಯನ್ನು ಪದಕ, ಪ್ರಶಸ್ತಿ, ವಿವಾದಗಳ ಕತೆಯಾಗಿ ಅನೇಕರು ಬರೆದಿದ್ದಾರೆ. ನಾನು ಇಲ್ಲಿ ನೋಡಬಯಸುವುದು ಆಟದ ಒಳಗಿನ ಇತಿಹಾಸವನ್ನು. ತನ್ನದೇ ಒಂದು ಹೊಡೆತವನ್ನು ನೆಚ್ಚಿ ಬೆಳೆದ ಆಟಗಾರ್ತಿಯೊಬ್ಬರು ಬೇರೆ ಬೇರೆ ಶೈಲಿಯ ಎದುರಾಳಿಗಳ ಮುಂದೆ ಏನು ಕಲಿತರು, ಕಲಿಯಲಾಗದ್ದನ್ನು ಏನು ಮಾಡಿದರು ಎಂಬುದೇ ಆ ಇತಿಹಾಸ.

ಮೊದಲು ನೆಲದ ಮಾತು. ತಾನು ರ್‍ಯಾಕೆಟ್ ಹಿಡಿದ ಕಾಲಕ್ಕೆ ಹೈದರಾಬಾದಿನಲ್ಲಿ ಸಗಣಿ ಸಾರಿಸಿದ ಅಂಗಣಗಳಿದ್ದವು ಎಂದು ಸಾನಿಯಾ ಹಲವು ಸಲ ಹೇಳಿಕೊಂಡಿದ್ದಾರೆ. ಅಜ್ಜಿಯರು ಮನೆಯಂಗಳ ಸಾರಿಸುವುದನ್ನು ಕಂಡ ನಮಗೆ ಅದು ಅಪರಿಚಿತ ನೆಲವೇನಲ್ಲ. ದಕ್ಷಿಣ ಭಾರತದ ಎಷ್ಟೋ ಕ್ಲಬ್ಬುಗಳ ಟೆನಿಸ್ ಬೆಳೆದದ್ದು ಇಂಥ ನೆಲದ ಮೇಲೆ. ಅಲ್ಲಿ ಚೆಂಡು ಎದೆಯೆತ್ತರಕ್ಕೆ ಪುಟಿಯುವುದಿಲ್ಲ, ಮೊಣಕಾಲಿನ ಸುತ್ತ ಜಾರಿಕೊಂಡು ಬರುತ್ತದೆ. ಕಾಯುತ್ತ ನಿಲ್ಲುವವರಿಗೆ ಅದು ಒಲಿಯದು. ಚೆಂಡನ್ನು ಬೇಗ ಸಂಧಿಸಿ ಮಣಿಕಟ್ಟಿನ ಚುರುಕಿನಿಂದ ತಿರುಗಿಸುವವರಿಗೆ ಒಲಿಯುತ್ತದೆ.

ಭಾರತದ ಹಳೆಯ ಆಟಗಾರರು ಈ ಚುರುಕನ್ನು ಮೃದುತ್ವಕ್ಕೆ ಬಳಸಿಕೊಂಡರು. 1960 ಮತ್ತು 1961ರಲ್ಲಿ ಸತತವಾಗಿ ವಿಂಬಲ್ಡನ್ ಸೆಮಿಫೈನಲ್ ತಲುಪಿದ ರಾಮನಾಥನ್ ಕೃಷ್ಣನ್ ಇದಕ್ಕೆ ದೊಡ್ಡ ಉದಾಹರಣೆ. 1961ರ ಕ್ವಾರ್ಟರ್ ಫೈನಲ್‌ನಲ್ಲಿ ಅವರು ನೇರ ಸೆಟ್ಟುಗಳಿಂದ ಮಣಿಸಿದ ಆಸ್ಟ್ರೇಲಿಯದ ರಾಯ್ ಎಮರ್ಸನ್, ಸರ್ವ್ ಮಾಡಿದೊಡನೆ ನೆಟ್ಟಿಗೆ ನುಗ್ಗುವ ಆಟಗಾರರು. ಹಾಗೆ ನುಗ್ಗಿ ಬರುವವರ ಎದುರು ಬಿರುಸಾಗಿ ಹೊಡೆದರೆ ಅವರಿಗೆ ವಾಲಿಗೆ ತಕ್ಕ ಎತ್ತರದ ಚೆಂಡೇ ಸಿಗುತ್ತದೆ. ಚೆಂಡನ್ನು ಮೆಲ್ಲಗೆ, ತಗ್ಗಾಗಿ ಅವರ ಪಾದದ ಬಳಿ ಇಳಿಸಿದರೆ ಅವರು ಬಗ್ಗಿ ಮೇಲಕ್ಕೆ ಎತ್ತಲೇಬೇಕಾಗುತ್ತದೆ. ಮುಂದಿನ ಹೊಡೆತ ನಮ್ಮದು. ಕೃಷ್ಣನ್ ಅವರ ಸರ್ವ್ ಎಂದೂ ಬಿರುಸಿನದಾಗಿರಲಿಲ್ಲ. ಆದರೆ ಎದುರಾಳಿಯ ಬಿರುಸನ್ನೇ ಬಂಡವಾಳ ಮಾಡಿಕೊಳ್ಳುವ ಕಲೆ ಅವರಿಗೆ ತಿಳಿದಿತ್ತು.

ಸಾನಿಯಾ ಅದೇ ಪರಂಪರೆಯ ನೆಲದಿಂದ ಬಂದರೂ ಹಿಡಿದ ದಾರಿ ಬೇರೆ. ಮಣಿಕಟ್ಟಿನ ಚುರುಕನ್ನು ಅವರು ಚಾಟಿಯಾಗಿಸಿಕೊಂಡರು. ಬೇಸ್‌ಲೈನಿನಿಂದ ಅವರ ಫೋರ್‌ಹ್ಯಾಂಡ್ ಹೊರಟಿತೆಂದರೆ ಎದುರಿಗಿದ್ದವರು ಯಾರೇ ಆಗಲಿ ಒಂದು ಹೆಜ್ಜೆ ಹಿಂದೆ ಸರಿಯಬೇಕಾಗುತ್ತಿತ್ತು. ಎದುರಾಳಿಯ ಸರ್ವನ್ನು ಹಿಂದಿರುಗಿಸುವುದರಲ್ಲಿಯೂ ಅವರದು ಎತ್ತಿದ ಕೈ. ದೌರ್ಬಲ್ಯಗಳು ಎರಡು: ಎರಡನೆಯ ಸರ್ವ್‌ನಲ್ಲಿ ಕಸುವಿರಲಿಲ್ಲ, ಅಂಗಣದ ಈ ಮೂಲೆಯಿಂದ ಆ ಮೂಲೆಗೆ ಓಡುವುದರಲ್ಲಿ ವೇಗ ಸಾಲುತ್ತಿರಲಿಲ್ಲ. ಗೋಲ್ಕೊಂಡದ ಬಾಗಿಲಿನಂತೆ ಇವೂ ಬಹಳ ಕಾಲ ಗುಟ್ಟಾಗಿ ಉಳಿಯಲಿಲ್ಲ.

2005ನೆಯ ಇಸವಿಯೊಂದರಲ್ಲೇ ಈ ಆಟದ ಬಲ ಮತ್ತು ಮಿತಿ ಎರಡೂ ಬಯಲಾದವು. ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್‌ನ ಮೂರನೆಯ ಸುತ್ತಿನಲ್ಲಿ ಸೆರೆನಾ ವಿಲಿಯಮ್ಸ್ ಎದುರು 6-1, 6-4ರ ಸೋಲು. ಮಾರ್ಚಿನಲ್ಲಿ ದುಬೈಯಲ್ಲಿ ಆಗಿನ ಯುಎಸ್ ಓಪನ್ ಚಾಂಪಿಯನ್ ಸ್ವೆತ್ಲಾನಾ ಕುಜ್ನೆತ್ಸೋವಾ ವಿರುದ್ಧ 6-4, 6-2ರ ಗೆಲುವು. ಸೆಪ್ಟೆಂಬರಿನಲ್ಲಿ ಯುಎಸ್ ಓಪನ್‌ನ ನಾಲ್ಕನೆಯ ಸುತ್ತು ತಲುಪಿ ಮರಿಯಾ ಶರಪೋವಾ ಎದುರು 6-2, 6-1ರ ಸೋಲು. ಬಿರುಸಾಗಿ ಹೊಡೆಯುವವರ ಎದುರು ಬಿರುಸಿನ ಆಟಗಾರ್ತಿಗೆ ಒಂದು ಅನುಕೂಲವಿದೆ: ವೇಗವಾಗಿ ಬಂದ ಚೆಂಡು ವೇಗವಾಗಿಯೇ ಹಿಂದಿರುಗುತ್ತದೆ, ಮೊದಲು ದಿಕ್ಕು ಬದಲಿಸಿದವರು ಗೆಲ್ಲುತ್ತಾರೆ. ಆದರೆ ಸೆರೆನಾ, ಶರಪೋವಾ ಅವರಂಥವರಲ್ಲಿ ಆ ಬಿರುಸು ಸರ್ವ್‌ನಿಂದಲೇ ಶುರುವಾಗುತ್ತಿತ್ತು. ಸಾನಿಯಾ ಅವರಲ್ಲಿ ಅದು ಶುರುವಾಗುತ್ತಿದ್ದುದು ಮೂರನೆಯ ಹೊಡೆತದಿಂದ. ಅಷ್ಟರಲ್ಲಿ ಅನೇಕ ಪಾಯಿಂಟುಗಳು ಮುಗಿದುಹೋಗಿರುತ್ತಿದ್ದವು.

ಈ ಕತೆಯ ತಿರುವು ಎಂದು ನಾನು ಭಾವಿಸುವುದು ಮರುವರ್ಷದ ಸೆಪ್ಟೆಂಬರನ್ನು. ಕೋಲ್ಕತ್ತದ ಸೆಮಿಫೈನಲ್‌ನಲ್ಲಿ ಸ್ವಿಟ್ಜರ್ಲೆಂಡಿನ ಮಾರ್ಟಿನಾ ಹಿಂಗಿಸ್ ಎದುರು ಸಾನಿಯಾ 6-1, 6-0ರಿಂದ ಸೋತರು. ಕೆಲವೇ ದಿನಗಳ ನಂತರ ದಕ್ಷಿಣ ಕೊರಿಯದ ಸಿಯೋಲ್‌ನಲ್ಲಿ ಅದೇ ಹಿಂಗಿಸ್ ಅವರನ್ನು 4-6, 6-0, 6-4ರಿಂದ ಸೋಲಿಸಿದರು. ಎದುರಾಳಿ ಅವರೇ, ತಿಂಗಳೂ ಬಹುತೇಕ ಅದೇ. ಫಲಿತಾಂಶ ಮಾತ್ರ ತಲೆಕೆಳಗು.

ಹಿಂಗಿಸ್ ಎಂಥ ಆಟಗಾರ್ತಿ ಎಂಬುದನ್ನು ತಿಳಿಯದೆ ಇದರ ಅರ್ಥವಾಗದು. 1997ರಿಂದ 1999ರೊಳಗೆ ಐದು ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್ ಪ್ರಶಸ್ತಿಗಳನ್ನು ಗೆದ್ದವರು ಅವರು. ಅವರಲ್ಲಿ ಬಿರುಸಿರಲಿಲ್ಲ, ಲೆಕ್ಕಾಚಾರವಿತ್ತು. ಒಂದು ಚೆಂಡು ಆಳಕ್ಕೆ, ಮುಂದಿನದು ಅಡ್ಡಕ್ಕೆ, ಇನ್ನೊಂದು ನೆಟ್ಟಿನ ಬುಡಕ್ಕೆ. ಒಂದೇ ಬಗೆಯ ಚೆಂಡು ಸತತವಾಗಿ ಎರಡು ಸಲ ಬರುವುದು ಅಪರೂಪ. ಫೋರ್‌ಹ್ಯಾಂಡನ್ನು ನೆಚ್ಚಿ ಒಂದೇ ಲಯದಲ್ಲಿ ಹೊಡೆಯುವವರಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಇಲ್ಲ, ಏಕೆಂದರೆ ಇಂಥವರು ಮೊದಲು ಕಸಿದುಕೊಳ್ಳುವುದು ಲಯವನ್ನೇ. ಬಿರುಸಿನ ಆಟ ತಾನೇ ತಪ್ಪು ಮಾಡತೊಡಗುತ್ತದೆ. ಕೋಲ್ಕತ್ತದ ಅಂಕಗಳು ಹೇಳುವುದು ಇದನ್ನೇ. ಆದರೆ ಹಿಂಗಿಸ್ ಅವರ ಆಟಕ್ಕೂ ಒಂದು ಬಾಗಿಲಿತ್ತು. ಲೆಕ್ಕ ಹಾಕಲು ಸಮಯ ಬೇಕು. ಚೆಂಡು ಆಳವಾಗಿ, ಬೇಗನೆ, ಬಿಡುವಿಲ್ಲದೆ ಬರುತ್ತಿದ್ದರೆ ಆ ಸಮಯ ಸಿಗುವುದಿಲ್ಲ. ವಿಲಿಯಮ್ಸ್ ಸಹೋದರಿಯರು ಮತ್ತು ಲಿಂಡ್ಸೆ ಡ್ಯಾವೆನ್‌ಪೋರ್ಟ್ ಮಹಿಳಾ ಟೆನಿಸನ್ನು ಹಿಂಗಿಸ್ ಅವರ ಕೈಯಿಂದ ಬಿಡಿಸಿಕೊಂಡದ್ದು ಈ ಬಾಗಿಲಿನಿಂದಲೇ. ಸಿಯೋಲ್‌ನ 6-0 ಸೆಟ್ ಆ ದೊಡ್ಡ ಇತಿಹಾಸದ ಸಣ್ಣ ಪ್ರತಿಬಿಂಬ.

ಹಾಗಾದರೆ ಯಾವ ಶೈಲಿ ಮೇಲು? ಒಂದೇ ತಿಂಗಳ ಆ ಎರಡು ಪಂದ್ಯಗಳು ಉತ್ತರ ಹೇಳಲು ನಿರಾಕರಿಸುತ್ತವೆ. ಬಿರುಸು ಗುರಿ ತಪ್ಪಿದ ದಿನ ಲೆಕ್ಕಾಚಾರ ಗೆಲ್ಲುತ್ತದೆ, ಬಿರುಸಿಗೆ ಗುರಿ ಸಿಕ್ಕ ದಿನ ಲೆಕ್ಕಾಚಾರಕ್ಕೆ ಉಸಿರು ಕಟ್ಟುತ್ತದೆ. ಇಬ್ಬರೂ ಇನ್ನೊಬ್ಬರಲ್ಲಿ ಕಂಡದ್ದು ತಮ್ಮಲ್ಲಿ ಇಲ್ಲದ್ದನ್ನು.

2007ರ ಆಗಸ್ಟಿನಲ್ಲಿ ಸಾನಿಯಾ ಸಿಂಗಲ್ಸ್‌ನಲ್ಲಿ ವಿಶ್ವದ 27ನೆಯ ಸ್ಥಾನಕ್ಕೇರಿದರು. ಅದೇ ಅವರ ಅತ್ಯುನ್ನತ ಸ್ಥಾನ. ಯಾವ ಮಣಿಕಟ್ಟು ಆ ಹೊಡೆತವನ್ನು ಕೊಟ್ಟಿತ್ತೋ ಅದೇ ಸುಂಕ ಕೇಳತೊಡಗಿತು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಮೊದಲ ಸುತ್ತಿನ ಪಂದ್ಯವನ್ನು ಮಣಿಕಟ್ಟಿನ ನೋವಿನಿಂದ ಅರ್ಧಕ್ಕೇ ಬಿಡಬೇಕಾಯಿತು. ಮರಳಿ ಬಂದು 2009ರ ಜನವರಿಯಲ್ಲಿ ಮಹೇಶ್ ಭೂಪತಿ ಅವರೊಂದಿಗೆ ಆಸ್ಟ್ರೇಲಿಯನ್ ಓಪನ್ ಮಿಶ್ರ ಡಬಲ್ಸ್ ಗೆದ್ದರು. ಕೆಲವು ವರ್ಷಗಳ ನಂತರ ಸಿಂಗಲ್ಸ್ ಆಟವನ್ನೇ ಬಿಟ್ಟರು. ಇದನ್ನು ಹಿಂಜರಿಕೆ ಎಂದವರುಂಟು. ಡಬಲ್ಸ್ ಎಂದರೆ ಸಿಂಗಲ್ಸ್ ಆಡಲಾಗದವರ ಆಶ್ರಯ ಎಂಬ ಧೋರಣೆ ನಮ್ಮಲ್ಲಿ ಇಂದಿಗೂ ಇದೆ.

ಆದರೆ ಡಬಲ್ಸ್ ಬೇರೆಯೇ ರೇಖಾಗಣಿತ. ಸಿಂಗಲ್ಸ್‌ನಲ್ಲಿ ಇಡೀ ಅಂಗಣ ಒಬ್ಬರದು, ಓಟವೂ ಒಬ್ಬರದೇ. ಡಬಲ್ಸ್‌ನಲ್ಲಿ ನಾವು ಎಲ್ಲಿ ನಿಲ್ಲಬೇಕು ಎಂಬುದನ್ನು ನಾವೇ ಆರಿಸಿಕೊಳ್ಳಬಹುದು. ಬಲಗೈ ಆಟಗಾರ್ತಿ ಬಲಬದಿಯಲ್ಲಿ ನಿಂತರೆ ಅಂಗಣದ ಹೊರಗೆ ಸೆಳೆಯುವ ಸರ್ವ್ ನೇರವಾಗಿ ಫೋರ್‌ಹ್ಯಾಂಡಿಗೇ ಬರುತ್ತದೆ. ಓಡಬೇಕಾದ ದೂರ ಅರ್ಧಕ್ಕಿಳಿಯುತ್ತದೆ. ಎರಡನೆಯ ಸರ್ವ್ ದುರ್ಬಲವಾದರೂ ನೆಟ್ಟಿನ ಬಳಿ ಜೊತೆಗಾರ್ತಿಯೊಬ್ಬರು ಕಾವಲು ನಿಂತಿದ್ದರೆ ಅದನ್ನು ನಿರಾಳವಾಗಿ ಹೊಡೆದಟ್ಟಲಾಗದು. ಆ ಕಾವಲು ಎಂಥವರದಾಗಿರಬೇಕು? ಚೆಂಡು ಎಲ್ಲಿಗೆ ಬರುತ್ತದೆಂದು ಅದು ಹೊರಡುವ ಮೊದಲೇ ಊಹಿಸಬಲ್ಲವರದು, ಎಡಬದಿಯಲ್ಲಿ ಬ್ಯಾಕ್‌ಹ್ಯಾಂಡ್ ಕೈಕೊಡದವರದು. ಅಂದರೆ ಹಿಂಗಿಸ್ ಅವರಂಥವರದು.

2015ರ ಮಾರ್ಚಿನಲ್ಲಿ ಇಬ್ಬರೂ ಜೊತೆಯಾದರು. ಇಂಡಿಯನ್ ವೆಲ್ಸ್, ಮಯಾಮಿ, ಚಾರ್ಲ್ಸ್‌ಟನ್ ಮೂರನ್ನೂ ಸಾಲಾಗಿ ಗೆದ್ದರು. ಏಪ್ರಿಲ್ 13ರಂದು ಸಾನಿಯಾ ಡಬಲ್ಸ್‌ನಲ್ಲಿ ವಿಶ್ವದ ಮೊದಲ ಸ್ಥಾನಕ್ಕೇರಿದರು. ಭಾರತದ ಮತ್ತಾವ ಮಹಿಳೆಯೂ ಅದಕ್ಕೆ ಮುಂಚೆ ಅಲ್ಲಿಗೆ ತಲುಪಿರಲಿಲ್ಲ. ಜುಲೈಯಲ್ಲಿ ವಿಂಬಲ್ಡನ್ ಫೈನಲ್. ಎದುರಿಗೆ ರಷ್ಯದ ಮಕರೋವಾ ಮತ್ತು ವೆಸ್ನಿನಾ. ಮೊದಲ ಸೆಟ್ 5-7ರಿಂದ ಹೋಯಿತು, ಎರಡನೆಯದು ಟೈಬ್ರೇಕಿನಲ್ಲಿ ಬಂತು. ಮೂರನೆಯದರಲ್ಲಿ 2-5ರ ಹಿನ್ನಡೆ. ಅಲ್ಲಿಂದ ಸತತ ಐದು ಗೇಮುಗಳನ್ನು ಗೆದ್ದು 7-5ರಿಂದ ಪ್ರಶಸ್ತಿ ಎತ್ತಿದರು. ಮುಂದೆ ಯುಎಸ್ ಓಪನ್, 2016ರ ಆಸ್ಟ್ರೇಲಿಯನ್ ಓಪನ್, ಸತತ 41 ಪಂದ್ಯಗಳ ಗೆಲುವು. ಒಂಬತ್ತು ವರ್ಷಗಳ ಹಿಂದೆ ನೆಟ್ಟಿನ ಆಚೆ ನಿಂತು ಲಯ ಕಸಿದಿದ್ದ ಆಟ ಈಗ ಈಚೆ ನಿಂತು ಲಯ ಕಾಯುತ್ತಿತ್ತು.

ಈ ಜೋಡಿ ಶಾಶ್ವತವಾಗಿರಲಿಲ್ಲ. 2016ರ ಆಗಸ್ಟಿನಲ್ಲಿ ಬೇರ್ಪಟ್ಟರು. ಅದೇ ತಿಂಗಳು ಸಿನ್ಸಿನಾಟಿಯ ಫೈನಲ್‌ನಲ್ಲಿ ಮತ್ತೆ ಎದುರುಬದುರಾದರು. ಬಾರ್ಬೊರಾ ಸ್ಟ್ರೈಕೋವಾ ಜೊತೆ ಆಡಿದ ಸಾನಿಯಾ, ಕೋಕೊ ವ್ಯಾಂಡೆವೇ ಜೊತೆ ಆಡಿದ ಹಿಂಗಿಸ್ ಅವರನ್ನು 7-5, 6-4ರಿಂದ ಸೋಲಿಸಿದರು. ಜೊತೆಗಾರ್ತಿಯ ಆಟ ಅಷ್ಟು ಹತ್ತಿರದಿಂದ ತಿಳಿದ ಮೇಲೆ ಅವರನ್ನು ಎದುರಿಸುವುದು ಸುಲಭವೂ ಹೌದು, ಕಷ್ಟವೂ ಹೌದು. ಆ ತಿಳಿವಳಿಕೆ ಎರಡೂ ಕಡೆ ಸಮನಾಗಿತ್ತಲ್ಲ.

ಹೈದರಾಬಾದಿನ ಈ ಕತೆಯಲ್ಲಿ ನಮ್ಮ ಕೊಡಗಿನ ಎಳೆಯೊಂದಿದೆ. ಸಾನಿಯಾ ಹದಿನಾಲ್ಕರ ಹುಡುಗಿಯಾಗಿದ್ದಾಗ ಅವರ ಮೊದಲ ಮಿಶ್ರ ಡಬಲ್ಸ್ ಜೊತೆಗಾರ ರೋಹನ್ ಬೋಪಣ್ಣ. 2023ರ ಜನವರಿಯಲ್ಲಿ ಮೆಲ್ಬರ್ನ್‌ನಲ್ಲಿ ಸಾನಿಯಾ ಆಡಿದ ಕೊನೆಯ ಗ್ರ್ಯಾನ್‌ಸ್ಲಾಮ್ ಫೈನಲ್‌ನ ಜೊತೆಗಾರರೂ ಅವರೇ. ಬೋಪಣ್ಣ ಅವರ ಆಟ ಸಾನಿಯಾ ಆಟದ ತಿರುಗುಮುರುಗು: ಅಲ್ಲಿ ಸರ್ವ್‌ನದೇ ದರ್ಬಾರು. 2010ರಲ್ಲಿ ಚೆನ್ನೈಯಲ್ಲಿ ಬ್ರೆಜಿಲ್ ವಿರುದ್ಧ 0-2ರಿಂದ ಹಿಂದಿದ್ದ ಭಾರತ ಡೇವಿಸ್ ಕಪ್ ಹಣಾಹಣಿಯನ್ನು 3-2ರಿಂದ ಗೆದ್ದಾಗ ನಿರ್ಣಾಯಕ ಐದನೆಯ ಪಂದ್ಯ ಗೆದ್ದವರು ಬೋಪಣ್ಣ, ತಂಡದ ನಾಯಕತ್ವ ಹೈದರಾಬಾದಿನ ಎಸ್. ಪಿ. ಮಿಶ್ರಾ ಅವರದು. ಮೊಣಕಾಲಿನ ಮೃದ್ವಸ್ಥಿ ಸವೆದುಹೋದ ಮೇಲೆ ಬೋಪಣ್ಣ ಅಯ್ಯಂಗಾರ್ ಯೋಗದ ನೆರವಿನಿಂದ ದೇಹವನ್ನು ಸಂಭಾಳಿಸಿದರು. ಸರ್ವ್ ಮತ್ತು ನೆಟ್ಟಿನ ಬಳಿಯ ಆಟದಿಂದ ಪಾಯಿಂಟುಗಳನ್ನು ಚುಟುಕಾಗಿಸಿಕೊಂಡು, 2024ರ ಜನವರಿಯಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು, 43ನೆಯ ವಯಸ್ಸಿನಲ್ಲಿ ವಿಶ್ವದ ಮೊದಲ ಸ್ಥಾನಕ್ಕೇರಿದರು.

ತಂತ್ರವನ್ನು ಸುಧಾರಿಸಿಕೊಳ್ಳುವುದು ಎಂದರೆ ಇಲ್ಲದ ಹೊಡೆತಗಳನ್ನೆಲ್ಲ ಕಲಿತುಬಿಡುವುದು ಎಂದು ನಾವು ತಿಳಿಯುತ್ತೇವೆ. ಸ್ವಲ್ಪಮಟ್ಟಿಗೆ ಅದು ನಿಜ, ಅಭ್ಯಾಸವಿಲ್ಲದೆ ಯಾವ ಆಟವೂ ಇಲ್ಲ. ಆದರೆ ಸಾನಿಯಾ ಅವರ ಎರಡನೆಯ ಸರ್ವ್ ಕೊನೆಯವರೆಗೂ ದೊಡ್ಡ ಅಸ್ತ್ರವಾಗಲಿಲ್ಲ, ಬೋಪಣ್ಣ ಅವರ ಮೊಣಕಾಲು ಮತ್ತೆ ಎಳೆಯದಾಗಲಿಲ್ಲ. ತಮ್ಮಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಸೋಲುಗಳಿಂದ ಓದಿಕೊಂಡು, ಇದ್ದದ್ದು ಪೂರ್ತಿ ಕೆಲಸಕ್ಕೆ ಬರುವ ಜಾಗವನ್ನು ಅವರು ಹುಡುಕಿಕೊಂಡರು. ಸಿಂಗಲ್ಸ್‌ನ 27ನೆಯ ಸ್ಥಾನ ಡಬಲ್ಸ್‌ನಿಂದ ಬದಲಾಗದು, ಆ ಕೊರತೆ ಕೊರತೆಯಾಗಿಯೇ ಉಳಿಯುತ್ತದೆ. ಆದರೆ ಕೋಲ್ಕತ್ತದ 6-1, 6-0 ಎಂಬ ಅಂಕಗಳನ್ನು ಈಗ ಓದಿದಾಗ ಅದು ನನಗೆ ಬರೀ ಸೋಲಾಗಿ ಕಾಣುವುದಿಲ್ಲ. ಮುಂದೊಂದು ದಿನ ಯಾರ ಪಕ್ಕದಲ್ಲಿ ನಿಲ್ಲಬೇಕು ಎಂಬ ಸೂಚನೆ ಅದರಲ್ಲಿ ಆಗಲೇ ಇತ್ತು.