ಭಾನುವಾರದ ಸೀತೆ

ನಮ್ಮ ಸೀಮೆಯಲ್ಲಿ ಮಳೆಗೆ ಬರಗಾಲವುಂಟು, ಚರಿತ್ರೆಗೆ ಇಲ್ಲ. ಮಧುಗಿರಿಯಲ್ಲಿ ಒಂದೇ ಕಲ್ಲಿನ ಬೆಟ್ಟದ ಮೇಲೆ ಕೋಟೆಯಿದೆ, ಪಾವಗಡ ತಾಲ್ಲೂಕಿನ ನಿಡುಗಲ್ಲಿನಲ್ಲಿ ಚೋಳರೆಂದು ಹೇಳಿಕೊಂಡ ಅರಸರು ಆಳಿದರು, ಕೊರಟಗೆರೆಗೆ ಪಾಳೆಯಗಾರರಿದ್ದರು, ಶಿರಾ ಮೊಗಲರ ಸುಬೆಗೆ ರಾಜಧಾನಿಯಾಗಿತ್ತು. ಇವುಗಳ ಮೇಲೆ ಬರೆಯಲು ನನಗಿಂತ ಬಲ್ಲವರಿದ್ದಾರೆ. ನಾನು ಬರೆಯಹೊರಟಿರುವುದು ಯಾವ ಶಾಸನದಲ್ಲಿಯೂ ಸಿಕ್ಕದ ಒಂದು ಸಣ್ಣ ಚರಿತ್ರೆ. ದೂರದರ್ಶನದ ಒಂದು ಧಾರಾವಾಹಿಯ ಗಂಡಹೆಂಡಿರ ಮೇಲೆ ನನಗಿದ್ದ ಪ್ರೀತಿ ಹೇಗೆ ಹುಟ್ಟಿತು, ಹೇಗೆ ಹಳಸಿತು, ಆಮೇಲೆ ಏನಾಯಿತು ಎಂಬುದು ಇದರ ವಿಷಯ. ಪ್ರೌಢ ವಯಸ್ಸಿನ ಅಧ್ಯಾಪಕನೊಬ್ಬನಿಗೆ ಇದು ತಕ್ಕ ವಿಷಯವಲ್ಲವೆಂದು ವಾಚಕರು ನಕ್ಕರೆ ನನ್ನ ಆಕ್ಷೇಪಣೆಯಿಲ್ಲ.

ರಮಾನಂದ ಸಾಗರರ 'ರಾಮಾಯಣ' 1987ರ ಜನವರಿ 25ರಂದು ಆರಂಭವಾಯಿತು. ಆಗ ನನಗೆ ಎಂಟು ವರ್ಷ. ಉಪಾಧ್ಯಾಯರಾಗಿದ್ದ ನಮ್ಮ ತಂದೆಗೆ ಈ ನಾಲ್ಕು ತಾಲ್ಲೂಕುಗಳ ಒಳಗೇ ವರ್ಗವಾಗುತ್ತಿತ್ತು. ಆ ವರ್ಷ ನಾವು ಶಿರಾದಲ್ಲಿದ್ದೆವು. ಬೀದಿಗೆಲ್ಲ ಒಂದೇ ಟೆಲಿವಿಷನ್ ಪೆಟ್ಟಿಗೆ: ಕಪ್ಪು ಬಿಳುಪಿನ ಡಯನೋರಾ. ಅದು ಇದ್ದದ್ದು ಎದುರು ಮನೆಯ ಮುಸಲ್ಮಾನ ಕುಟುಂಬದಲ್ಲಿ. ಆ ಮನೆಯಾಕೆಯನ್ನು ಮಕ್ಕಳಾದ ನಾವು ಖಾಲಾ ಎನ್ನುತ್ತಿದ್ದೆವು. ಬೆಂಗಳೂರಿನ ದೂರದರ್ಶನ ಕೇಂದ್ರ 1981ರ ನವೆಂಬರ್ 1ರಂದು ತೆರೆದಿದ್ದರೂ ಚಿತ್ರ ನಮ್ಮ ಬೀದಿಗೆ ಬರಬೇಕಾದರೆ ಒಬ್ಬ ಹುಡುಗ ಮಾಳಿಗೆ ಹತ್ತಿ ಆಂಟೆನಾ ತಿರುಗಿಸಬೇಕಾಗಿತ್ತು. 'ಬಂತೇನೋ?' ಎಂದು ಮೇಲಿಂದ ಕೂಗು. 'ಬಂತು, ಬಂತು, ಹೋಯ್ತು!' ಎಂದು ಕೆಳಗಿಂದ ಉತ್ತರ. ಹೀಗೆ ಕಾಡಿ ಬೇಡಿ ಬಂದ ರಾಮನನ್ನು ನಾವು ಮರ್ಯಾದೆಯಿಂದ ಕಂಡೆವೆಂಬುದರಲ್ಲಿ ಆಶ್ಚರ್ಯವಿಲ್ಲ.

ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಮುಂಚೆಯೇ ನಮ್ಮಜ್ಜಿ ಸ್ನಾನ ಮಾಡಿ, ಎರಡು ಊದುಬತ್ತಿ ಹಿಡಿದು ಆ ಮನೆಗೆ ಹೋಗುತ್ತಿದ್ದಳು. ಖಾಲಾ ಬೇಡವೆನ್ನಲಿಲ್ಲ. 'ಪೆಟ್ಟಿಗೆಗೆ ಹೊಗೆ ಬಡೀತದೆ ಅಮ್ಮ, ಒಂದಿಷ್ಟು ದೂರ ಇಡಿ' ಎಂದಳು, ಅಷ್ಟೆ. ತೊಡಕು ಬಂದದ್ದು ಭಾಷೆಯದು. ನಮ್ಮಜ್ಜಿ ಪಾವಗಡದ ಕಡೆಯವಳು. ಮೂರು ದಿಕ್ಕಿಗೂ ಆಂಧ್ರದ ನೆಲ ಸುತ್ತಿಕೊಂಡಿರುವ ಆ ತಾಲ್ಲೂಕಿನಲ್ಲಿ ಅವಳ ಮನೆಮಾತು ತೆಲುಗು, ಸಂತೆಯ ಮಾತು ಕನ್ನಡ. ಹಿಂದಿ ಎಳ್ಳಷ್ಟೂ ಬಾರದು. ಖಾಲಾಗೆ ದಖನಿ ಉರ್ದು ಬರುತ್ತಿತ್ತು. ಆದರೆ ಆ ಧಾರಾವಾಹಿಯ ಹಿಂದಿಯಲ್ಲಿ ಸಂಸ್ಕೃತ ತುಂಬಿ ತುಳುಕುತ್ತಿತ್ತು. ಕೊನೆಗೆ ಒಂದು ಒಪ್ಪಂದವಾಯಿತು. ಕ್ರಿಯಾಪದಗಳನ್ನೆಲ್ಲ ಖಾಲಾ ಬಿಡಿಸಿ ಹೇಳುವಳು, ನಾಮಪದಗಳನ್ನು ಅಜ್ಜಿ ಹೇಳುವಳು. 'ಹೋಗ್ತೀನಿ ಅಂತಾನೆ' ಎಂದು ಒಬ್ಬಳು; 'ವನವಾಸಕ್ಕೆ' ಎಂದು ಇನ್ನೊಬ್ಬಳು. 1687ರಲ್ಲಿ ಔರಂಗಜೇಬನ ಸೈನ್ಯ ಶಿರಾವನ್ನು ಹಿಡಿಯದೆ ಇದ್ದಿದ್ದರೆ ನಮ್ಮಜ್ಜಿಗೆ ರಾಮಾಯಣದ ಅರ್ಧ ಭಾಗ ತಿಳಿಯದೆಯೇ ಹೋಗುತ್ತಿತ್ತೋ ಏನೋ. ಚರಿತ್ರೆಯ ಕಾರ್ಯಕಾರಣಗಳು ಎಲ್ಲಿಂದ ಎಲ್ಲಿಗೆ ಹಬ್ಬುತ್ತವೆಂದು ನನ್ನ ಇತಿಹಾಸದ ಸಹೋದ್ಯೋಗಿಗಳು ಯೋಚಿಸಲಿ!

ಯುದ್ಧ, ರಾಕ್ಷಸರು, ಗಾಳಿಯಲ್ಲಿ ಒಂದಕ್ಕೊಂದು ತಾಗಿ ಉರಿಯುವ ಬಾಣಗಳು ಉಳಿದ ಹುಡುಗರಿಗೆ ಇಷ್ಟ. ನನಗೆ ಇಷ್ಟವಾದದ್ದು ಜನಕನ ಹೂದೋಟ. ರಾಮಸೀತೆಯರು ಮದುವೆಗೆ ಮುನ್ನ ಅಲ್ಲಿ ಒಬ್ಬರನ್ನೊಬ್ಬರು ಕಾಣುತ್ತಾರೆ. ಮಾತಿಲ್ಲ, ನೋಟ ಮಾತ್ರ. ಅರುಣ್ ಗೋವಿಲ್ ಮತ್ತು ದೀಪಿಕಾ ಚಿಖಲಿಯಾ ನಿಜವಾಗಿಯೂ ಗಂಡಹೆಂಡತಿ ಎಂದೇ ನಾನು ನಂಬಿದ್ದೆ. ಲೋಕದಲ್ಲಿ ಗಂಡಹೆಂಡಿರು ಹಾಗೆಯೇ ಇರುತ್ತಾರೆ, ಮೆಲ್ಲಗೆ ನಕ್ಕು ಮೆಲ್ಲಗೆ ಮಾತಾಡುತ್ತಾರೆ ಎಂದು ನಂಬಿದೆ. ನಮ್ಮ ಮನೆಯಲ್ಲಿ ಹಾಗಿರಲಿಲ್ಲವಾದ್ದರಿಂದ ಆ ನಂಬಿಕೆ ನನಗೆ ಅಗತ್ಯವೂ ಆಗಿತ್ತು.

1988ರ ಜುಲೈ 31ರಂದು ಪಟ್ಟಾಭಿಷೇಕವಾಗಿ ಕಥೆ ಮುಗಿಯಿತು. ಮುಗಿಯಿತೆಂದು ಸಾಗರರು ಹೇಳಿದರೂ ದೇಶ ಒಪ್ಪಲಿಲ್ಲ. ಪಂಜಾಬಿನ ಜಲಂಧರದಲ್ಲಿ, ವಾಲ್ಮೀಕಿಯನ್ನು ತಮ್ಮ ಗುರುವೆಂದು ಪೂಜಿಸುವ ಪೌರಕಾರ್ಮಿಕರು, ಉತ್ತರಕಾಂಡವನ್ನೂ ತೋರಿಸಬೇಕೆಂದು ಮುಷ್ಕರ ಹೂಡಿದರು. ಮುಂದಿನ ಕಥೆಗಾಗಿ ಕೆಲಸ ನಿಲ್ಲಿಸಿದ ಪ್ರೇಕ್ಷಕರು ಬೇರೆಲ್ಲಾದರೂ ಇದ್ದಾರೋ ನಾನರಿಯೆ. ಅದೇ ವರ್ಷದ ಕೊನೆಯ ಭಾಗದಲ್ಲಿ ಉತ್ತರ ರಾಮಾಯಣ ಬಂದಿತು.

ನನ್ನ ಪ್ರೀತಿಗೆ ಮೊದಲ ಪೆಟ್ಟು ಬಿದ್ದದ್ದು ಅಲ್ಲಿಯೇ. ಅಗಸನ ಮಾತಿಗೆ ರಾಮ ಹೆಂಡತಿಯನ್ನು ಕಾಡಿಗೆ ಕಳಿಸುತ್ತಾನೆಂಬುದು ನನಗೆ ಕೇಳಿ ಗೊತ್ತಿತ್ತು. ಆದರೆ ತೆರೆಯ ಮೇಲೆ ನಡೆದದ್ದು ಬೇರೆ. ರಾಮ ಕಳಿಸುವುದಿಲ್ಲ, ಸೀತೆಯೇ ವಾದ ಮಾಡಿ, ತಾನೇ ನಿಶ್ಚಯಿಸಿ ಹೊರಡುತ್ತಾಳೆ. ಕ್ರಿಯಾಪದಗಳನ್ನು ಖಾಲಾ ಬಿಡಿಸಿ ಹೇಳಿದ ಮೇಲೆ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಇದೇನಮ್ಮ, ಕಳಿಸೋನ ಕೈಯಿ ಕೊಳೆಯಾಗದಂಗೆ ಹೋಗೋಳೇ ಮಾತಾಡ್ತಾಳಲ್ಲ!' ಎಂದಳು. ಖಾಲಾ ನಕ್ಕಳು. ನಾನು ನಗಲಿಲ್ಲ.

ಇದಾದ ಮೇಲೆ ನಮಗೆ ಕೊರಟಗೆರೆಗೆ ವರ್ಗವಾಯಿತು. ತುಮಕೂರು ಜಿಲ್ಲೆಯ ಹಳ್ಳಿಗಳ ಪೌರಾಣಿಕ ನಾಟಕದ ಹುಚ್ಚು ತಿಳಿದವರಿಗೆ ವಿವರಿಸಬೇಕಾಗಿಲ್ಲ: ಪಾತ್ರಕ್ಕೆ ಇಷ್ಟೆಂದು ದುಡ್ಡು ಹಾಕಿ, ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತುಮಾಡಿ, ಬಾಡಿಗೆ ಸೀನುಗಳನ್ನು ತರಿಸಿ, ಬೆಳಗಾಗುವವರೆಗೂ ಆಡುವುದು. ನಾನು ಅಲ್ಲಿ ನೋಡಿದ 'ಸಂಪೂರ್ಣ ರಾಮಾಯಣ'ದಲ್ಲಿ ರಾಮನಾದವರು ಐವತ್ತು ಮೀರಿದ ದಿನಸಿ ಅಂಗಡಿಯ ಯಜಮಾನರು; ಸೀತೆಯ ಪಾತ್ರಕ್ಕೆ ತುಮಕೂರಿನಿಂದ ಕಲಾವಿದೆ ಬಂದಿದ್ದರು. ಯಜಮಾನರು ಕಂದಪದ್ಯವನ್ನು ಗಂಟಲು ಹರಿಯುವಂತೆ ಹಾಡುವುದನ್ನು ಬಿಟ್ಟು, ತೆರೆಯ ರಾಮನ ಹಾಗೆ ಮುಗುಳ್ನಗುತ್ತ ನಿಂತರು. 'ನಗೋದು ಆಮೇಲೆ ಯಜಮಾನ್ರೇ, ಶ್ರುತಿ ಹಿಡೀರಿ' ಎಂದು ಮೇಷ್ಟ್ರು ಪೆಟ್ಟಿಗೆಯ ಹಿಂದಿನಿಂದಲೇ ಗದರಿದ್ದು ಮೂರನೆಯ ಸಾಲಿನವರೆಗೂ ಕೇಳಿಸಿತು.

ಮುಂದಿನ ಪೆಟ್ಟು ಮಧುಗಿರಿಯಲ್ಲಿ. 1990ರಲ್ಲಿ ತೆರೆಕಂಡ, ಭಾರ್ಗವ ನಿರ್ದೇಶಿಸಿದ 'ಹೊಸ ಜೀವನ'ದಲ್ಲಿ ಶಂಕರ್ ನಾಗ್ ಎದುರಿಗೆ ನಾಯಕಿಯಾಗಿದ್ದವರು ಇದೇ ದೀಪಿಕಾ. 'ಪುದಿಯ ಪಾದೈ' ಎಂಬ ತಮಿಳು ಚಿತ್ರದಿಂದ ತಂದ ಕಥೆ ಅದು: ತನ್ನ ಮಾನ ಕೆಡಿಸಿದ ಪುಂಡನ ಮನೆಗೇ ಹೆಣ್ಣು ಬಂದು ನಿಂತು, ಅವನನ್ನು ಮನುಷ್ಯನನ್ನಾಗಿ ಮಾಡುತ್ತಾಳೆ. ಸೀತಮ್ಮನನ್ನು ನೋಡೋಣವೆಂದು ನನ್ನನ್ನು ಕರೆದುಕೊಂಡು ಹೋಗಿದ್ದ ಚಿಕ್ಕಮ್ಮ ಅರ್ಧಕ್ಕೇ ಎದ್ದುಬಿಟ್ಟಳು. ದಾರಿಯುದ್ದಕ್ಕೂ ಮಾತಿಲ್ಲ. ಆ ವರ್ಷವೇ ಸೆಪ್ಟೆಂಬರ್ 30ರಂದು ಶಂಕರ್ ನಾಗ್ ತೀರಿಕೊಂಡಾಗ ಅವಳು ಅತ್ತಳು. ಆದರೆ ಆ ಚಿತ್ರದ ಹೆಸರನ್ನು ಎತ್ತಲಿಲ್ಲ. 1991ರಲ್ಲಿ ಸೀತೆಯೂ, ರಾವಣನಾಗಿದ್ದ ಅರವಿಂದ ತ್ರಿವೇದಿಯೂ ಗುಜರಾತಿನಿಂದ ಒಂದೇ ಪಕ್ಷದಲ್ಲಿ ಆರಿಸಿಬಂದು ಲೋಕಸಭೆಯಲ್ಲಿ ಕುಳಿತರು. ಆ ಹೊತ್ತಿಗೆ ನನಗೆ ಏನು ಕೇಳಿದರೂ ಆಶ್ಚರ್ಯವಾಗದ ಸ್ಥಿತಿ ಬಂದಿತ್ತು.

ಕನ್ನಡ ಎಂ.ಎ. ಓದುವಾಗ ಆ ನಿರಾಶೆ ಕೋಪವಾಗಿ ತಿರುಗಿತು. ಓದು ಕೋಪಕ್ಕೆ ಒಳ್ಳೆಯ ಗೊಬ್ಬರ. ನನ್ನ ಪ್ರೀತಿಯ ಹೂದೋಟ ವಾಲ್ಮೀಕಿಯಲ್ಲಿ ಇಲ್ಲವೇ ಇಲ್ಲ, ಅದು ತುಳಸೀದಾಸರದು ಎಂದು ತಿಳಿಯಿತು. ಸಾಗರರ ಅಗ್ನಿಪ್ರವೇಶದಲ್ಲಿ ನಿಜವಾದ ಸೀತೆಯನ್ನು ಮೊದಲೇ ಅಗ್ನಿಯ ವಶಕ್ಕೆ ಒಪ್ಪಿಸಲಾಗಿತ್ತು, ರಾವಣ ಒಯ್ದದ್ದು ಛಾಯೆಯನ್ನು ಎಂಬ ಸಮಾಧಾನ; ರಾಮನ ಮೇಲೆ ಒಂದು ಕಿಡಿಯೂ ಬೀಳದಂತೆ ಮಾಡಿದ ಏರ್ಪಾಡು. 1949ರ 'ಶ್ರೀ ರಾಮಾಯಣ ದರ್ಶನಂ'ನಲ್ಲಿ ಕುವೆಂಪು ಅವರು ರಾಮನನ್ನೂ ಸೀತೆಯ ಜೊತೆಗೆ ಬೆಂಕಿಗೆ ಇಳಿಸಿದರು. ಲಕ್ಷ್ಮೀಶನ ಸೀತೆಯೋ, ಋಷಿಗಳ ಆಶ್ರಮ ನೋಡಲು ಹೋಗುತ್ತಿದ್ದೇನೆಂದು ನಂಬಿಯೇ ರಥ ಏರುತ್ತಾಳೆ. ಕಾಡಿನ ನಡುವೆ ಮೈದುನ ಬಾಯಿಬಿಟ್ಟಾಗಲೇ ಅವಳಿಗೆ ತಿಳಿಯುವುದು. ಅವಳ ಅಳುವಿಗೆ ಮೃಗಪಕ್ಷಿಗಳು ಮೇವು ಬಿಡುತ್ತವೆ. ಇವರ ಮುಂದೆ ಭಾನುವಾರದ ಸೀತೆ ನನಗೆ ಗೊಂಬೆಯಂತೆ ಕಂಡಳು.

ಇನ್ನೊಂದು ವಿನೋದವನ್ನೂ ಹೇಳಿಬಿಡಬೇಕು. ಧಾರಾವಾಹಿಗೆ ಆಧಾರವೆಂದು ಕೊಟ್ಟ ಗ್ರಂಥಗಳ ಪಟ್ಟಿಯಲ್ಲಿ ಕನ್ನಡದ 'ರಾಮಚಂದ್ರಚರಿತ ಪುರಾಣ'ವೂ ಇತ್ತು. ನಾಗಚಂದ್ರ ಜೈನಕವಿ, ಅವನಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ, ಮತ್ತು ರಾವಣ ಸೀತೆಯ ದುಃಖವನ್ನು ಕಂಡು ಪಶ್ಚಾತ್ತಾಪಪಟ್ಟು ಮನಸ್ಸು ಮರುಗಿಸಿಕೊಂಡವನು. ಇದರಲ್ಲಿ ಯಾವುದು ತೆರೆಗೆ ಬಂದಿತೆಂದು ನಾನು ತರಗತಿಯಲ್ಲಿ ಹಲವು ವರ್ಷ ವ್ಯಂಗ್ಯವಾಗಿ ಕೇಳುತ್ತಿದ್ದೆ. ಹುಡುಗರು ನಗುತ್ತಿದ್ದರು. ಅಧ್ಯಾಪಕನಿಗೆ ಅಗ್ಗವಾಗಿ ಸಿಕ್ಕುವ ನಗೆ ಅದು.

2020ರ ಮಾರ್ಚಿಯಲ್ಲಿ ದೇಶವೆಲ್ಲ ಬಾಗಿಲು ಮುಚ್ಚಿಕೊಂಡಾಗ, 28ನೆಯ ತಾರೀಖಿನಿಂದ ದೂರದರ್ಶನ ಅದನ್ನೇ ಮತ್ತೆ ಬಿತ್ತರಿಸಿತು. ಏಪ್ರಿಲ್ 16ರಂದು ಒಂದೇ ದಿನ 7.7 ಕೋಟಿ ಜನ ನೋಡಿದರೆಂದು ದೂರದರ್ಶನ ಹೇಳಿಕೊಂಡಿತು. ಆ ಜನರಲ್ಲಿ ನನ್ನ ತಾಯಿ ಒಬ್ಬಳು. ಅವಳ ಪಕ್ಕದಲ್ಲಿ, ಪುಸ್ತಕ ಹಿಡಿದು ಓದುವಂತೆ ನಟಿಸುತ್ತ ನಾನು. ಹೂದೋಟ ಬಂದಿತು. ತುಳಸೀದಾಸರು, ವಾಲ್ಮೀಕಿ, ಇವರಾರೂ ನೆನಪಾಗಲಿಲ್ಲ. ಎಂಟು ವರ್ಷದವನ ಗಂಟಲು ಎಲ್ಲಿತ್ತೋ ಅಲ್ಲಿಯೇ ಕಟ್ಟಿಕೊಂಡಿತು. ಒಪ್ಪಿಕೊಳ್ಳಲು ನಾಚಿಕೆಯೇ ಆಗುತ್ತದೆ.

ಅಮ್ಮ ಮಾತ್ರ ಆ ಜೋಡಿಯನ್ನು ಅಷ್ಟಾಗಿ ನೋಡುತ್ತಿರಲಿಲ್ಲ. 'ಆ ಹುಡುಗಿ ಎಲ್ಲೋ?' ಎಂದಳು. ಯಾವ ಹುಡುಗಿ ಎಂದರೆ, ಊರ್ಮಿಳೆ. ಲಕ್ಷ್ಮಣನ ಹೆಂಡತಿಗೆ ಧಾರಾವಾಹಿಯಲ್ಲಿ ಸಿಕ್ಕಿದ್ದು ಕೆಲವೇ ದೃಶ್ಯ. 'ನಿಮ್ಮಜ್ಜಿ ಆವಾಗಲೂ ಅವಳನ್ನೇ ಹುಡುಕ್ತಿದ್ದಳು. ಶಿರಾದಲ್ಲಿ ಮನೆಗೆ ಬಂದು, ಇವತ್ತೂ ತೋರಿಸಲಿಲ್ಲ ಅಂತ ಬಯ್ಯೋಳು' ಎಂದಳು. ನನಗೆ ಇದು ಹೊಸ ಸಮಾಚಾರ. ಊದುಬತ್ತಿ ಹಚ್ಚಿದ ಅಜ್ಜಿ ನನ್ನಂತೆಯೇ ರಾಮಸೀತೆಯರಿಗೆ ಮನಸೋತಿದ್ದಳೆಂದು ಮೂವತ್ತು ವರ್ಷ ನಂಬಿದ್ದೆ.

ತೆಲುಗು ಹೆಂಗಸರು ಹಾಡಿಕೊಳ್ಳುವ 'ಊರ್ಮಿಳಾದೇವಿ ನಿದ್ರ' ಎಂಬ ದೊಡ್ಡ ಹಾಡೊಂದಿದೆ. ಪಾವಗಡದ ತವರಿನಿಂದ ಅಜ್ಜಿ ತಂದಿದ್ದು ಅದನ್ನೇ. ಗಂಡ ಅಣ್ಣನ ಹಿಂದೆ ಹೊರಟುಹೋದ ಮೇಲೆ ಊರ್ಮಿಳೆ ಹದಿನಾಲ್ಕು ವರ್ಷವೂ ಮಲಗಿಬಿಡುತ್ತಾಳೆ. ಲಕ್ಷ್ಮಣ ಹಿಂದಿರುಗಿ ಮಂಚದ ಬಳಿ ನಿಂತು ಎಬ್ಬಿಸಿದರೆ ಅವಳಿಗೆ ಗುರುತು ಸಿಕ್ಕುವುದಿಲ್ಲ. ಯಾರೋ ಪರಪುರುಷನೆಂದು ಹೆದರಿ, ಪರಸ್ತ್ರೀಯನ್ನು ಬಯಸಿದ ಇಂದ್ರನ ಗತಿಯೇನಾಯಿತು, ರಾವಣನ ಗತಿಯೇನಾಯಿತು ಎಂದು ಕೇಳುತ್ತಾಳೆ. ರಾವಣನಿಗೆ ಹೇಳಬೇಕಾದ ಮಾತನ್ನು ಆ ಹೆಂಗಸರು ಲಕ್ಷ್ಮಣನಿಗೇ ಹೇಳಿಸಿದ್ದಾರೆ! ಪಂಪ, ನಾಗಚಂದ್ರ, ಕುವೆಂಪು ಎಂದು ಪಾಠ ಹೇಳುವ ನನಗೆ, ನಮ್ಮ ಅಡಿಗೆಮನೆಯಲ್ಲಿದ್ದ ಈ ರಾಮಾಯಣ ಕೇಳಿಸಿರಲಿಲ್ಲ.

ಹಾಡಮ್ಮ ಎಂದೆ. ಅವಳು ಟಿ.ವಿ.ಯ ಸದ್ದು ತಗ್ಗಿಸಲು ಹೇಳಿ ಹಾಡಿದಳು. ನಾನು ಫೋನಿನಲ್ಲಿ ಹಿಡಿದುಕೊಂಡೆ. ಹಿಂದೆ ಸಣ್ಣದಾಗಿ ಹಿಂದಿಯೂ ಕೇಳಿಸುತ್ತದೆ. ಊರ್ಮಿಳೆ ಬೆಚ್ಚಿ ಎದ್ದು ಕೇಳುವವರೆಗೆ ಬಂದು ಅಮ್ಮ ನಿಂತಳು. ಅಚ್ಚಾದ ಪಾಠಗಳಲ್ಲಿ ಮುಂದೆ ಗುರುತು ಸಿಕ್ಕಿ ಗಂಡಹೆಂಡಿರು ಒಂದಾಗುತ್ತಾರೆ, ಅದನ್ನು ಹೇಳಿದೆ.

'ಇರಬಹುದು. ನಮ್ಮಮ್ಮ ಇಲ್ಲಿಗೇ ನಿಲ್ಲಿಸೋಳು' ಎಂದಳು. 'ಒಲೆ ಮೇಲೆ ಹಾಲಿರೋದು.'