ಊರು ಬಿಟ್ಟವರ ಅಡ್ಡಹೆಸರು

ಮೊನ್ನೆ ವೀಸಾ ಫಾರ್ಮ್ ತುಂಬುವಾಗ ಸರ್‌ನೇಮ್ ಕಾಲಂನಲ್ಲಿ 'ಅಕ್ಕಿಆಲೂರ' ಅಂತ ಟೈಪಿಸಿ ಸುಮ್ಮನೆ ಕೂತೆ. ಬೆಳೆದದ್ದು ಹುಬ್ಬಳ್ಳಿ, ಕೆಲಸ ಬೆಂಗಳೂರು. ಹೆಸರಿಗೆ ಅಂಟಿಕೊಂಡ ಊರನ್ನು ಮಾತ್ರ ನೋಡಿಯೇ ಇರಲಿಲ್ಲ!

ಐರ್ಲೆಂಡಿನ ಓ'ಬ್ರಿಯನ್ ಮನೆತನದವರು 1014ರಲ್ಲಿ ತೀರಿಕೊಂಡ ರಾಜ ಬ್ರಿಯನ್ ಬೋರುವಿನ ಹೆಸರು ಹೇಳುತ್ತಾರೆ. ಅಲ್ಲಿ 'ಓ' ಅಂದರೆ ಮೊಮ್ಮಗ. ನಮ್ಮ ಉತ್ತರ ಕರ್ನಾಟಕದ ಅಡ್ಡಹೆಸರುಗಳಲ್ಲಿ ಅಜ್ಜ ಸಿಗುವುದು ಅಪರೂಪ. ಸಿಗುವುದು ಊರು (ಹಾನಗಲ್), ಕಸುಬು (ಬಡಿಗೇರ, ಕಮ್ಮಾರ), ಇಲ್ಲವೇ ಅಧಿಕಾರ (ಪಾಟೀಲ, ಕುಲಕರ್ಣಿ).

ಸರಿ, ಒಂದು ಶನಿವಾರ ಹಾನಗಲ್ ತಾಲೂಕಿನ ಅಕ್ಕಿಆಲೂರಿಗೆ ಹೊರಟೆ. ದಾರಿಯುದ್ದಕ್ಕೂ ಭತ್ತದ ಗದ್ದೆ. ಚಹಾದಂಗಡಿಯಲ್ಲಿದ್ದ ಹಿರಿಯರೊಬ್ಬರನ್ನು "ಅಕ್ಕಿಆಲೂರ ಮನೆತನದವರು ಎಲ್ಲಿರ್ತಾರ್ರೀ?" ಅಂತ ಕೇಳಿದೆ. ಅವರು ನಕ್ಕುಬಿಟ್ಟರು. "ಇಲ್ಲಿ ಎಲ್ಲಾರೂ ಅಕ್ಕಿಆಲೂರಿನವ್ರೇ ತಮ್ಮಾ. ಊರಾಗ ಇದ್ದಾಗ ನಿಮಗ ಏನಂತಿದ್ರು, ಅದನ್ನ ಹೇಳು."

ಆಗ ಹೊಳೆಯಿತು. ಊರಿನ ಹೆಸರು ಅಡ್ಡಹೆಸರಾಗುವುದು ಊರು ಬಿಟ್ಟ ಮೇಲೆ. ಅದನ್ನು ಇಡುವವರು ಹೊಸ ಊರಿನವರು.

ಗಂಗೂಬಾಯಿ ಹಾನಗಲ್ ಅವರನ್ನೇ ನೋಡಿ. 1913ರಲ್ಲಿ ಹುಟ್ಟಿದ್ದು ಧಾರವಾಡದಲ್ಲಿ, 2009ರಲ್ಲಿ ತೀರಿಕೊಂಡದ್ದು ಹುಬ್ಬಳ್ಳಿಯಲ್ಲಿ. ತಂದೆ ನಾಡಿಗೇರ, ಪತಿ ಕೌಲಗಿ. ಆದರೂ ಉಳಿದದ್ದು 'ಹಾನಗಲ್'. ಮಗಳು ಕೃಷ್ಣಾ ಕೂಡ ಹಾನಗಲ್ ಆಗಿಯೇ ಹಾಡಿದರು. ಶಾಸನಗಳಲ್ಲಿ ಆ ಊರು 'ಪಾನುಂಗಲ್'. ಹಳಗನ್ನಡದ 'ಪ'ಕಾರ 'ಹ'ಕಾರವಾಗಿ ಹಾನಗಲ್ ಆಯಿತು.

ಆದರೆ ಹೆಸರು ನೋಡಿ ನೆಂಟಸ್ತಿಕೆ ಕಟ್ಟಬೇಡಿ. 'ಶೋಲೆ'ಯ ಇಮಾಮ್ ಸಾಹೇಬರ ಪಾತ್ರದ ಎ. ಕೆ. ಹಾನಗಲ್ ನಮ್ಮ ಕಡೆಯವರು ಅಂತ ನಾನು ಬಹಳ ದಿನ ನಂಬಿದ್ದೆ. ಅವರದು ಕಾಶ್ಮೀರಿ ಪಂಡಿತರ ಮನೆತನ, ಹುಟ್ಟಿದ್ದು ಸಿಯಾಲ್‌ಕೋಟ್‌ನಲ್ಲಿ!

ಇನ್ನು ನನ್ನ ಕಥೆ. ವಾಪಸ್ ಬಂದು ಸೋದರತ್ತೆಗೆ ಫೋನ್ ಮಾಡಿದೆ, ಊರಿನಲ್ಲಿ ನಮಗೆ ಏನನ್ನುತ್ತಿದ್ದರು ಅಂತ. "ಗೊತ್ತಿಲ್ಲಪಾ. ಊರಿನ ಸುದ್ದಿ ತೆಗೆದ್ರ ನಿಮ್ಮಜ್ಜ ಎದ್ದು ಹೊರಗ ಹೋಗ್ತಿದ್ರು" ಅಂದರು. ಯಾಕೆ ಹೋಗುತ್ತಿದ್ದರೋ! ಅಜ್ಜ ತೀರಿಕೊಂಡು ಹನ್ನೆರಡು ವರ್ಷವಾಯಿತು. ಅವರು ಇದ್ದಾಗ ಒಮ್ಮೆಯೂ ನಾನು ಕೇಳಲಿಲ್ಲ.

ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ಇವತ್ತೇ ಕೇಳಿಬಿಡಿ.