ಒಂದೇ ಒಂದು ಕುದುರೆ ನಡೆ

ಕೊಪ್ಪಳದ ಕೋಟೆಯನ್ನು ಕೆಳಗಿನ ಬಯಲಿನಲ್ಲಿ ನಿಂತು ನೋಡಿದವರಿಗೆ ಅದನ್ನು ಗೆಲ್ಲುವ ಯೋಚನೆಯೇ ಹುಚ್ಚೆನಿಸುತ್ತದೆ. ಬಂಡೆಯ ಮೇಲೆ ಬಂಡೆ, ಬಂಡೆಗಳ ನಡುವೆ ಗೋಡೆ. 1786ರಲ್ಲಿ ಟಿಪ್ಪು ಸುಲ್ತಾನನು ಅದನ್ನು ವಶಪಡಿಸಿಕೊಂಡು ಫ್ರೆಂಚ್ ಇಂಜಿನಿಯರುಗಳ ನೆರವಿನಿಂದ ಭದ್ರಪಡಿಸಿದನು. 1790ರಲ್ಲಿ ಕಂಪನಿಯ ಸೈನ್ಯವೂ ನಿಜಾಮರ ಸೈನ್ಯವೂ ಒಟ್ಟುಗೂಡಿ ಮುತ್ತಿಗೆ ಹಾಕಿದವು. ಕೋಟೆ ಕೈಸೇರಿದ್ದು ಮರುವರ್ಷ, ತಿಂಗಳುಗಟ್ಟಲೆ ಕಾದ ಮೇಲೆ. ಅನಂತರ ಈ ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು.

ಇದೇ ಕೋಟೆಯನ್ನು 1858ರಲ್ಲಿ ಮುಂಡರಗಿ ಭೀಮರಾಯ ಹೊಕ್ಕನು. ಹೊರಗೆ ಇಂಗ್ಲಿಷರ ಫಿರಂಗಿ, ಒಳಗೆ ಕೆಲವು ನೂರು ಜನ. ಗೆಲುವು ಸಾಧ್ಯವಿಲ್ಲವೆಂಬುದು ಅವನಿಗೆ ತಿಳಿಯದ ಮಾತಾಗಿರಲಿಕ್ಕಿಲ್ಲ. ಆದರೂ ನೇರವಾಗಿ ಎದುರಿಸಿದ, ಅಲ್ಲಿಯೇ ಮಡಿದ. ಚದುರಂಗದ ಭಾಷೆಯಲ್ಲಿ ಹೇಳುವುದಾದರೆ ಇದು ಆನೆಯ ನಡೆ: ಅಡ್ಡಬಂದುದನ್ನು ತೆಗೆಯಬೇಕು, ಇಲ್ಲವೆ ತಾನು ಬೀಳಬೇಕು.

ಅದೇ 1858ರಲ್ಲಿ, ದಕ್ಷಿಣದ ಮೈಸೂರಿನಲ್ಲಿ, ರಾಜ್ಯವಿಲ್ಲದ ಒಬ್ಬ ರಾಜರಿಗೆ ಅರವತ್ತನಾಲ್ಕು ವರ್ಷ ತುಂಬಿತು. ಅವರು ಮುಮ್ಮಡಿ ಕೃಷ್ಣರಾಜ ಒಡೆಯರು. ಅರವತ್ತನಾಲ್ಕು ಮನೆಗಳ ಆಟದಲ್ಲಿ ಅವರಷ್ಟು ಮುಳುಗಿದ ಅರಸರು ನಮ್ಮ ಇತಿಹಾಸದಲ್ಲಿ ವಿರಳ. ಅವರ ಎದುರಾಳಿಯೂ ಇಂಗ್ಲಿಷರೇ. ಆದರೆ ಅವರು ಆಡಿದ ರೀತಿ ಬೇರೆ.

ಕನ್ನಡ ನಾಡಿನ ಅರಮನೆಗಳಿಗೆ ಚದುರಂಗ ಹೊಸದಲ್ಲ. ಕೊಪ್ಪಳದ ಬಳಿಯ ಇಟಗಿಯಲ್ಲಿ ಮಹಾದೇವ ದೇವಾಲಯ ಎದ್ದದ್ದು ಕ್ರಿ.ಶ. 1112ರಲ್ಲಿ, ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ. ಯಲಬುರ್ಗಿಯ ಸಿಂದರು ಆ ಚಾಲುಕ್ಯರ ಸಾಮಂತರು. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು ಬರೆದ ‘ಮಾನಸೋಲ್ಲಾಸ’ದಲ್ಲಿ ಅರಸನಿಗೆ ತಕ್ಕ ವಿನೋದಗಳ ಸಾಲಿನಲ್ಲಿ ಚದುರಂಗದ ವಿವರಣೆಯೂ ಇದೆ. ಯುದ್ಧವಿಲ್ಲದ ದಿನ ಅರಸನ ಬುದ್ಧಿಗೆ ತುಕ್ಕು ಹಿಡಿಯಬಾರದಲ್ಲವೆ! ಸೋಮೇಶ್ವರನಿಗೆ ಅದು ವಿನೋದ. ಏಳು ಶತಮಾನಗಳ ತರುವಾಯ ಮೈಸೂರಿನ ಅರಸರಿಗೆ ಅದು ಬರಿಯ ವಿನೋದವಾಗಿ ಉಳಿಯಲಿಲ್ಲ.

ಕೃಷ್ಣರಾಜರು ಹುಟ್ಟಿದ್ದು 1794ರಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರು ಐದು ವರ್ಷದ ಈ ಬಾಲಕನನ್ನು ಪಟ್ಟಕ್ಕೆ ಕೂರಿಸಿದರು. ದಿವಾನ್ ಪೂರ್ಣಯ್ಯನವರು ಆಡಳಿತ ನಡೆಸಿದರು. ಪ್ರಾಯಕ್ಕೆ ಬಂದ ಮೇಲೆ ಅರಸರೇ ವಹಿಸಿಕೊಂಡರು. ಅವರ ಆಡಳಿತ ನಿರ್ದೋಷವಾಗಿತ್ತೆಂದು ಹೇಳುವಂತಿಲ್ಲ. ಬೊಕ್ಕಸ ಬರಿದಾಯಿತು. ಕಂದಾಯದ ಹೊರೆಗೆ ಬೇಸತ್ತು 1830ರಲ್ಲಿ ನಗರದ ಸೀಮೆಯ ರೈತರು ದಂಗೆಯೆದ್ದರು. ಕಾದಿದ್ದ ಕಂಪನಿಗೆ ಅಷ್ಟೇ ಸಾಕಾಯಿತು. 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕನು ರಾಜ್ಯಭಾರವನ್ನು ಕಿತ್ತುಕೊಂಡನು. ಅರಮನೆ ಉಳಿಯಿತು, ಬಿರುದು ಉಳಿಯಿತು, ವರ್ಷಾಶನ ಉಳಿಯಿತು; ರಾಜ್ಯ ಮಾತ್ರ ಉಳಿಯಲಿಲ್ಲ. ಅರಸರಿಗೆ ಆಗ ಮೂವತ್ತೇಳು ವರ್ಷ. ಬದುಕಲು ಇನ್ನೂ ಮೂವತ್ತೇಳು ವರ್ಷ ಬಾಕಿ ಇತ್ತು.

ಆ ಬಾಕಿ ಬದುಕನ್ನು ಅವರು ವಿದ್ಯೆಗಳಿಗೆ ಕೊಟ್ಟರು. ಅವರ ಹೆಸರಿನಲ್ಲಿರುವ ಮಹಾಗ್ರಂಥ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದು ಕೌತುಕನಿಧಿ, ಆಟಗಳಿಗೆ ಅಲ್ಲಿ ಸ್ಥಾನವುಂಟು. 1861ರಲ್ಲಿ ಎದ್ದ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಆಟದ ಹಾಸುಗಳನ್ನು ಚಿತ್ರಿಸಲಾಯಿತು. ಆದರೆ ಅವರ ಪ್ರತಿಭೆ ವಿಶೇಷವಾಗಿ ಬೆಳಗಿದ್ದು ಚದುರಂಗದ ಕುದುರೆಯಲ್ಲಿ.

ಕುದುರೆಯ ಸಂಚಾರವೆಂಬ ಸಮಸ್ಯೆ ಹೀಗಿದೆ: ಬರಿದಾದ ಹಾಸಿನಲ್ಲಿ ಕುದುರೆಯೊಂದೇ ಇರಬೇಕು. ಅದು ಅರವತ್ತನಾಲ್ಕು ಮನೆಗಳನ್ನೂ ಮೆಟ್ಟಬೇಕು; ಒಂದು ಮನೆಯನ್ನು ಎರಡು ಸಲ ಮೆಟ್ಟಬಾರದು. ನಡುವಿನ ಮನೆಯಲ್ಲಿದ್ದಾಗ ಕುದುರೆಗೆ ಎಂಟು ದಾರಿ, ಮೂಲೆಯಲ್ಲಿದ್ದರೆ ಎರಡೇ. ಆತುರಪಟ್ಟು ನಡುವಿನಲ್ಲೇ ಕುಣಿದರೆ ಮೂಲೆಗಳು ಉಳಿದುಹೋಗುತ್ತವೆ. ಒಂಬತ್ತನೆಯ ಶತಮಾನದ ಕಾಶ್ಮೀರದ ರುದ್ರಟನು ಇದನ್ನು ಕಾವ್ಯದಲ್ಲಿ ‘ತುರಗಪದ’ ಬಂಧವಾಗಿ ಹೆಣೆದನು. ವೇದಾಂತದೇಶಿಕರ ‘ಪಾದುಕಾಸಹಸ್ರ’ದಲ್ಲೂ ಇದು ಬರುತ್ತದೆ. ಯೂರೋಪಿನಲ್ಲಿ ಗಣಿತಜ್ಞ ಆಯ್ಲರನು 1759ರಲ್ಲಿ ಇದರ ಮೇಲೆ ಪ್ರಬಂಧವನ್ನೇ ಮಂಡಿಸಿದನು.

ಮುಮ್ಮಡಿಯವರು ಇಂಥ ಸಂಚಾರಗಳನ್ನು ಸ್ವತಃ ರಚಿಸಿದರು. ಇದರಲ್ಲಿ ಇನ್ನೂ ಕಠಿಣವಾದ ಒಂದು ಬಗೆಯುಂಟು. ಕುದುರೆ ಮೆಟ್ಟಿದ ಮನೆಗಳಿಗೆ ಕ್ರಮವಾಗಿ 1ರಿಂದ 64ರವರೆಗೆ ಅಂಕಿ ಬರೆದರೆ ಒಟ್ಟು 2080 ಆಗುತ್ತದೆ. ಎಂಟು ಅಡ್ಡಸಾಲು, ಎಂಟು ಉದ್ದಸಾಲು, ಯಾವುದನ್ನು ಕೂಡಿದರೂ 260 ಬರುವಂತೆ ಕುದುರೆಯನ್ನು ನಡೆಸಬೇಕು. ಇಂಥ ಮಾಯಾಚೌಕದ ಸಂಚಾರವೊಂದನ್ನು ಯೂರೋಪಿನಲ್ಲಿ ಬೆವರ್ಲಿ ಎಂಬಾತನು ಪ್ರಕಟಿಸಿದ್ದು 1848ರಲ್ಲಿ. ಮೈಸೂರಿನ ಅರಸರ ಹೆಸರೂ ಈ ವಿದ್ಯೆಯ ಇತಿಹಾಸದಲ್ಲಿ ಸೇರಿದೆ. ಎಂಟು ಮನೆಯ ಹಾಸಿನಲ್ಲಿ ಎರಡು ಕರ್ಣಗಳೂ 260 ಆಗುವಂತೆ ಮಾಡುವುದು ಅಸಾಧ್ಯವೆಂದು 2003ರಲ್ಲಿ ಕಂಪ್ಯೂಟರಿನ ಲೆಕ್ಕದಿಂದ ಖಚಿತವಾಯಿತು. ಯಂತ್ರವಿಲ್ಲದ ಕಾಲದಲ್ಲಿ ಇದಕ್ಕೆ ಕೂತವರ ತಾಳ್ಮೆಯನ್ನು ಊಹಿಸಿಕೊಳ್ಳಬಹುದು.

ಈ ತಾಳ್ಮೆಯೇ ಅವರ ಆಟದ ಶೈಲಿ. ಯಾರನ್ನೂ ಕಡಿಯದೆ, ಯಾವ ಮನೆಯನ್ನೂ ಬಿಡದೆ, ಸೊಟ್ಟ ಹೆಜ್ಜೆಯಲ್ಲಿ ನಡೆದು ಕೊನೆಗೆ ಹಾಸನ್ನೆಲ್ಲ ತುಂಬುವುದು. ಅರಮನೆಯ ಹೊರಗೂ ಅವರು ನಡೆದದ್ದು ಹೀಗೆಯೇ. ಒಬ್ಬರಾದ ಮೇಲೊಬ್ಬರು ಬಂದ ಗವರ್ನರ್ ಜನರಲ್‌ಗಳಿಗೆ ರಾಜ್ಯವನ್ನು ಹಿಂದಿರುಗಿಸುವಂತೆ ಪತ್ರ ಬರೆದರು. 1857ರ ದಂಗೆಯಲ್ಲಿ ಇಂಗ್ಲಿಷರ ಪರವಾಗಿ ನಿಂತರು. ಭೀಮರಾಯನ ಕೊಪ್ಪಳವನ್ನು ನೆನೆದರೆ ಈ ಮಾತು ನಮಗೆ ಇಂದಿಗೂ ಚುಚ್ಚುತ್ತದೆ. ಅಷ್ಟಾದರೂ ಕಲ್ಕತ್ತೆಯ ಉತ್ತರ ಬದಲಾಗಲಿಲ್ಲ. ಅರಸರಿಗೆ ಗಂಡುಸಂತಾನದ ವಾರಸುದಾರರಿಲ್ಲ. ಅವರ ಕಾಲಾನಂತರ ಮೈಸೂರು ಇಂಗ್ಲಿಷರದೇ ಆಗುತ್ತದೆಂದು ಅಧಿಕಾರಿಗಳು ಎಣಿಸುತ್ತಿದ್ದರು.

ನಮ್ಮ ಹಳೆಯ ದೇಸಿ ಚದುರಂಗದಲ್ಲಿ ಇಂದಿನ ಅಂತರರಾಷ್ಟ್ರೀಯ ಆಟದಲ್ಲಿಲ್ಲದ ಒಂದು ನಿಯಮವುಂಟು. ರಾಜನು ಆನೆಯ ಮರೆಗೆ ಸರಿದು ಕೋಟೆ ಕಟ್ಟುವಂತಿಲ್ಲ. ಅದರ ಬದಲು ಇಡೀ ಆಟದಲ್ಲಿ ಒಂದು ಸಲ, ಒಂದೇ ಸಲ, ಕುದುರೆಯಂತೆ ಹಾರಬಹುದು. ಶಹ ಬಿದ್ದಮೇಲೆ ಆ ಹಕ್ಕು ಹೋಗುತ್ತದೆ. ಮೈಸೂರಿನ ರಾಜರಿಗೆ ಶಹ ಬಿದ್ದು ಮೂವತ್ತನಾಲ್ಕು ವರ್ಷವಾಗಿತ್ತು. ಆದರೂ 1865ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅವರು ಹಾರಿದರು. ಭಾರತ ಸರ್ಕಾರದ ಸಮ್ಮತಿಗೆ ಕಾಯದೆ ಎರಡು ವರ್ಷದ ಶಿಶು ಚಾಮರಾಜೇಂದ್ರನನ್ನು ದತ್ತು ತೆಗೆದುಕೊಂಡರು. ಕಲ್ಕತ್ತೆ ಒಪ್ಪಲಿಲ್ಲ, ಮಾತು ಲಂಡನ್ನಿಗೆ ಹೋಯಿತು. 1867ರಲ್ಲಿ ಅಲ್ಲಿನ ಭಾರತ ಮಂತ್ರಿ ನಾರ್ತ್‌ಕೋಟನು ಮೈಸೂರು ರಾಜ್ಯ ಆ ವಂಶದಲ್ಲಿಯೇ ಉಳಿಯತಕ್ಕದ್ದೆಂದು ತೀರ್ಮಾನಿಸಿದನು.

1868ರ ಮಾರ್ಚಿಯಲ್ಲಿ ಅರಸರು ತೀರಿಕೊಂಡರು. ಅದೇ ವರ್ಷ ದತ್ತುಪುತ್ರನಿಗೆ ಪಟ್ಟವಾಯಿತು. ಅವನಿಗೂ ಐದೇ ವರ್ಷ. ಕುದುರೆ ಹೊರಟ ಮನೆಯ ಪಕ್ಕಕ್ಕೇ ಬಂದು ನಿಂತಂತಾಯಿತು. 1881ರಲ್ಲಿ ರಾಜ್ಯಾಡಳಿತ ಒಡೆಯರ ಮನೆತನಕ್ಕೆ ಮರಳಿತು. ಆಟ ಗೆದ್ದಿತು, ಆಡಿದವರು ಅದನ್ನು ನೋಡಲಿಲ್ಲ.

ಮುಂದೆ ಇದೇ ಮೈಸೂರಿನ ಎಂ. ಎಸ್. ತೇಜ್‌ಕುಮಾರ್ ಅವರು 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್ ಮಾಸ್ಟರ್ ಆದರು. ಆ ಬಿರುದು ಜಗತ್ತಿನ ಮೇಲಾಟಗಾರರನ್ನು ಎದುರು ಕೂತು ಮಣಿಸಿದವರಿಗೆ ಸಲ್ಲುವಂಥದು. ಎದುರಾಳಿಯಿಲ್ಲದ ಹಾಸಿನಲ್ಲಿ ಕುದುರೆ ನಡೆಸಿದ ಮುಮ್ಮಡಿಯವರಿಗೆ ಅದು ಸಲ್ಲದು. ಅವರ ಎದುರಾಳಿ ಕೂತಿದ್ದುದು ಬೇರೆಡೆ.

ಭೀಮರಾಯನ ನಡೆ ದೊಡ್ಡದೋ ಅರಸರ ನಡೆ ದೊಡ್ಡದೋ ಎಂದು ತೂಗುವುದು ನಮ್ಮ ಕೆಲಸವಲ್ಲ. ಹಾಸಿನ ಮೇಲೆ ಆನೆಯೂ ಬೇಕು, ಕುದುರೆಯೂ ಬೇಕು. ಕೊಪ್ಪಳದ ಬಂಡೆಯ ಮೇಲೆ ಬಿದ್ದವನ ಹೆಸರನ್ನು ಆ ನೆಲ ಮರೆತಿಲ್ಲ. ಅರವತ್ತನಾಲ್ಕು ಮನೆಗಳಲ್ಲಿ ಮೂವತ್ತೇಳು ವರ್ಷ ಕಾದವರನ್ನು ಮರೆಯುವುದೂ ನ್ಯಾಯವಲ್ಲ.